ಬಳಸಿದ ಭಾರಿ ನಿರ್ಮಾಣ ಯಂತ್ರಗಳ ಪರಿಶೀಲನೆ

ಬಳಸಿದ ಭಾರಿ ನಿರ್ಮಾಣ ಯಂತ್ರಗಳ ಪರಿಶೀಲನೆ ಎಂದರೆ ಮಣ್ಣು ಅಗೆಯುವ, ತುಂಬುವ, ಸಮತಟ್ಟು ಮಾಡುವ ಅಥವಾ ಸಾಗಿಸುವ ಹಳೆಯ ಯಂತ್ರವೊಂದನ್ನು ಕೊಳ್ಳುವ ಮೊದಲು ಅದರ ದಾಖಲೆ, ಸವೆತ ಮತ್ತು ಕಾರ್ಯಕ್ಷಮತೆಯನ್ನು ಕ್ರಮವಾಗಿ ಪರೀಕ್ಷಿಸುವ ವಿಧಾನ. ಮೈಸೂರಿನ ದಕ್ಷಿಣ ಭಾಗದ ಶ್ರೀರಾಂಪುರದಂತಹ ಬೆಳೆಯುವ ಬಡಾವಣೆಗಳಲ್ಲಿ ತಳಪಾಯ ತೋಡಲು, ಚರಂಡಿ ತೆಗೆಯಲು, ನಿವೇಶನ ಮಟ್ಟ ಮಾಡಲು ಇಂತಹ ಯಂತ್ರಗಳು ಗಂಟೆಯ ಬಾಡಿಗೆಗೆ ದುಡಿಯುತ್ತವೆ. ಸಾಲ ಮಾಡಿ ಒಂದೇ ಯಂತ್ರವನ್ನು ಕೊಂಡ ಸಣ್ಣ ಮಾಲೀಕನಿಗೆ ಈ ಪರಿಶೀಲನೆ ಬಹಳ ಮುಖ್ಯ. ಯಂತ್ರ ಕೆಟ್ಟು ನಿಂತರೆ ಬಾಡಿಗೆ ನಿಲ್ಲುತ್ತದೆಯೇ ಹೊರತು ಸಾಲದ ಕಂತು ನಿಲ್ಲುವುದಿಲ್ಲ.

ಹಿನ್ನೆಲೆ

ಕರ್ನಾಟಕವು ಭಾರಿ ಯಂತ್ರಗಳ ತಯಾರಿಕೆಯ ಕೇಂದ್ರಗಳಲ್ಲಿ ಒಂದು. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ದಿಮೆ ಬಿಇಎಂಎಲ್‌ನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. ಅದರ ಕೆ.ಜಿ.ಎಫ್. ಘಟಕದಲ್ಲಿ ಬುಲ್ಡೋಜರ್ ಮತ್ತು ಅಗೆಯುವ ಯಂತ್ರಗಳೂ ಮೈಸೂರು ಘಟಕದಲ್ಲಿ ಡಂಪರ್ ಮತ್ತು ಎಂಜಿನ್‌ಗಳೂ ತಯಾರಾಗುತ್ತವೆ. ಧಾರವಾಡದಲ್ಲಿ ಟಾಟಾ ಹಿಟಾಚಿ ಸಂಸ್ಥೆಯ ಕಾರ್ಖಾನೆಯಿದೆ.

ಆಡುಮಾತಿನಲ್ಲಿ ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಇರುವ ಚಕ್ರದ ಯಂತ್ರಕ್ಕೆಲ್ಲ ‘ಜೆಸಿಬಿ’ ಎಂದೂ ಚೈನಿನ ಮೇಲೆ ಚಲಿಸುವ ಅಗೆಯುವ ಯಂತ್ರಕ್ಕೆಲ್ಲ ‘ಹಿಟಾಚಿ’ ಎಂದೂ ಹೇಳುವ ರೂಢಿಯಿದೆ. ಜೆಸಿಬಿ ಎಂಬುದು ಜೋಸೆಫ್ ಸಿರಿಲ್ ಬ್ಯಾಂಫರ್ಡ್ 1945ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ಸಂಸ್ಥೆಯ ಹೆಸರು. ಆದ್ದರಿಂದ ಮಾರುವವರು ಹೇಳುವ ಹೆಸರಿಗಿಂತ ಯಂತ್ರಕ್ಕೆ ಜೋಡಿಸಿದ ಲೋಹದ ಫಲಕದಲ್ಲಿರುವ ತಯಾರಕರ ಹೆಸರು, ಮಾದರಿ, ವರ್ಷ ಮತ್ತು ಗುರುತಿನ ಸಂಖ್ಯೆಯೇ ಪ್ರಮಾಣ.

ದಾಖಲೆಗಳು

ಫಲಕದ ಸಂಖ್ಯೆ, ಚಾಸಿಗೆ ಕೊರೆದ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ದಾಖಲೆಯೊಂದಿಗೆ ಹೊಂದಬೇಕು. ಉಜ್ಜಿದ ಅಥವಾ ಮರುಕೊರೆದ ಗುರುತುಗಳಿದ್ದರೆ ಯಂತ್ರ ಕಳವಿನದಾಗಿರಬಹುದೆಂಬ ಶಂಕೆಗೆ ಅವಕಾಶವಿದೆ. ನೋಂದಾಯಿತ ಯಂತ್ರವಾದರೆ ನೋಂದಣಿ ಪತ್ರ, ವಿಮೆ ಮತ್ತು ತೆರಿಗೆ ರಸೀದಿಗಳನ್ನು ನೋಡಬೇಕು. ಮೈಸೂರಿನಲ್ಲಿ ಕೆಎ 09 ಪಶ್ಚಿಮ ಕಚೇರಿಯ ಮತ್ತು ಕೆಎ 55 ಪೂರ್ವ ಕಚೇರಿಯ ನೋಂದಣಿ ಸಂಕೇತಗಳು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಬಳಕೆಯಾಗುತ್ತವೆ. ಹೊರರಾಜ್ಯದ ಯಂತ್ರಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಯಂತ್ರದ ಮೇಲಿನ ಸಾಲ ತೀರಿದ್ದರೆ ಸಾಲ ಕೊಟ್ಟವರ ಸಹಿಯುಳ್ಳ ನಮೂನೆ 35ರ ಮೂಲಕ ಆ ನಮೂದನ್ನು ರದ್ದುಪಡಿಸಲಾಗುತ್ತದೆ. ನೋಂದಣಿಯಿಲ್ಲದ ಯಂತ್ರದ ವಿಷಯದಲ್ಲಿ ಮೊದಲ ಖರೀದಿಯ ಬಿಲ್ಲಿನಿಂದ ಇಂದಿನ ಮಾಲೀಕರವರೆಗಿನ ಕಾಗದಗಳ ಸರಣಿ ತುಂಡಾಗದೆ ಇರಬೇಕು.

ಗಂಟೆ ಮೀಟರ್ ಮತ್ತು ಸವೆತ

ಭಾರಿ ಯಂತ್ರದ ದುಡಿಮೆಯನ್ನು ಕಿಲೋಮೀಟರಿನಲ್ಲಿ ಅಲ್ಲ, ಗಂಟೆಗಳಲ್ಲಿ ಅಳೆಯುತ್ತಾರೆ. ಮೀಟರನ್ನು ಬದಲಿಸಬಹುದು, ಅದು ಕೆಟ್ಟು ನಿಂತಿರಲೂಬಹುದು. ಹೀಗಾಗಿ ಅದರ ಅಂಕಿಯನ್ನು ಬೇರೆ ಸಾಕ್ಷ್ಯಗಳೊಂದಿಗೆ ಹೋಲಿಸುವುದು ಪರಿಶೀಲನೆಯ ಮೂಲತತ್ತ್ವ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದ ಯಂತ್ರ 5 ವರ್ಷಗಳಲ್ಲಿ 10,000 ಗಂಟೆ ಓಡಿರುತ್ತದೆ. ನಿತ್ಯ ಬಾಡಿಗೆಗೆ ಹೋಗುತ್ತಿದ್ದ ಅಷ್ಟೇ ಹಳೆಯ ಯಂತ್ರದ ಮೀಟರ್ 3,000 ತೋರಿಸಿದರೆ ವಿವರಣೆ ಕೇಳಬೇಕಾಗುತ್ತದೆ. ಪೆಡಲಿನ ರಬ್ಬರ್, ಆಸನ, ಹಿಡಿಕೆಗಳ ಸವೆತ, ಸರ್ವಿಸ್ ಪುಸ್ತಕದ ನಮೂದುಗಳು ಇಲ್ಲಿ ನೆರವಾಗುತ್ತವೆ.

ಗಂಟೆಗಳಷ್ಟೇ ಕೆಲಸದ ಸ್ವರೂಪವೂ ಮುಖ್ಯ. ಕೆರೆಯ ಹೂಳು ತೆಗೆದ ಯಂತ್ರಕ್ಕೂ ಚಾಮರಾಜನಗರ ಕಡೆಯ ಕರಿಕಲ್ಲಿನ ಗಣಿಯಲ್ಲಿ ಬಂಡೆ ಸಾಗಿಸಿದ ಯಂತ್ರಕ್ಕೂ ಮೀಟರಿನಲ್ಲಿ ಒಂದೇ ಅಂಕಿ ಇರಬಹುದು, ಆದರೆ ಸವೆತ ಒಂದೇ ಆಗಿರುವುದಿಲ್ಲ.

ಎಂಜಿನ್

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷವನ್ನು ಮರೆಮಾಚಬಲ್ಲದು. ಕಪ್ಪು ಹೊಗೆ ಇಂಧನ ಪೂರ್ಣವಾಗಿ ಉರಿಯದಿರುವುದನ್ನೂ ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನೂ ಸೂಚಿಸುತ್ತದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಉರಿಯದ ಡೀಸೆಲ್‌ನಿಂದ ಅಥವಾ ಒಳಸೇರಿದ ತಂಪುಕಾರಕದಿಂದ ಬರಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಪ್ರಯೋಗಾಲಯದ ಆಯಿಲ್ ಪರೀಕ್ಷೆ ಇನ್ನೂ ಆಳಕ್ಕೆ ಹೋಗುತ್ತದೆ: ಕಬ್ಬಿಣ, ತಾಮ್ರಗಳ ಅಂಶ ಒಳಭಾಗಗಳ ಸವೆತವನ್ನೂ ಸಿಲಿಕಾನ್ ಅಂಶ ಧೂಳು ಹೊಕ್ಕಿರುವುದನ್ನೂ ತಿಳಿಸುತ್ತದೆ.

ಹೈಡ್ರಾಲಿಕ್ ವ್ಯವಸ್ಥೆ

ಅಗೆಯುವ ತೋಳಿನ ಬಲವೆಲ್ಲ ಒತ್ತಡದಲ್ಲಿರುವ ಆಯಿಲ್‌ನಿಂದ ಬರುತ್ತದೆ. ಸಿಲಿಂಡರಿನ ಹೊಳೆಯುವ ದಂಡದ ಮೇಲೆ ಗೀರು ಅಥವಾ ತುಕ್ಕು ಇದ್ದರೆ ಸೀಲುಗಳು ಬೇಗ ಹಾಳಾಗುತ್ತವೆ. ತೋಳನ್ನು ಮೇಲೆತ್ತಿ ಎಂಜಿನ್ ನಿಲ್ಲಿಸಿದಾಗ ಅದು ಬೇಗನೆ ಕೆಳಗಿಳಿದರೆ ಸಿಲಿಂಡರ್ ಅಥವಾ ವಾಲ್ವಿನಲ್ಲಿ ಒಳಸೋರಿಕೆಯಿರಬಹುದು. ಈ ಪರೀಕ್ಷೆಯ ವೇಳೆ ತೋಳಿನ ಕೆಳಗೆ ಯಾರೂ ನಿಲ್ಲಬಾರದು. ಸೋರುವ ಜಾಗವನ್ನು ಕೈಯಿಂದ ತಡವಿ ಹುಡುಕುವುದು ಅಪಾಯಕಾರಿ. ಕಣ್ಣಿಗೆ ಕಾಣದ ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಇದಕ್ಕೆ ರಟ್ಟಿನ ತುಂಡನ್ನು ಬಳಸುತ್ತಾರೆ. ಚರ್ಮದೊಳಕ್ಕೆ ಆಯಿಲ್ ಹೊಕ್ಕರೆ ಗಾಯ ಚಿಕ್ಕದೆಂದು ಕಡೆಗಣಿಸದೆ ತಕ್ಷಣ ವೈದ್ಯರನ್ನು ಕಾಣಬೇಕು.

ಚೌಕಟ್ಟು ಮತ್ತು ಕೆಳಭಾಗ

ತೋಳು, ಬಕೆಟ್ ಮತ್ತು ಚಾಸಿಯ ಬೆಸುಗೆಗಳಲ್ಲಿ ಬಿರುಕು ಅಥವಾ ಮರುಬೆಸುಗೆಯ ಗುರುತುಗಳನ್ನು ಹುಡುಕಬೇಕು. ಒಂದೇ ಜಾಗದಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಅದರಡಿಯಲ್ಲಿ ಏನಿದೆ ಎಂಬುದನ್ನು ನೋಡುವುದು ಉಚಿತ. ಬಕೆಟನ್ನು ಅಲುಗಿಸಿದಾಗ ಕೀಲುಗಳು ಸಡಿಲವಾಗಿ ಆಡಿದರೆ ಪಿನ್ ಮತ್ತು ಬುಷ್‌ಗಳು ಸವೆದಿವೆ. ಮೇಲ್ಭಾಗ ತಿರುಗುವ ಬಳೆಯಲ್ಲಿ ಹೆಚ್ಚಿನ ಸಡಿಲಿಕೆ ಕಂಡರೆ ಅದರ ದುರಸ್ತಿ ದುಬಾರಿ.

ಚೈನಿನ ಯಂತ್ರಗಳಲ್ಲಿ ಕೆಳಭಾಗದ ನಿರ್ವಹಣೆಯೇ ದೊಡ್ಡ ಖರ್ಚಿನ ಬಾಬ್ತು. ಹಲ್ಲುಚಕ್ರದ ಹಲ್ಲುಗಳು ಚೂಪಾಗಿರುವುದು, ರೋಲರ್‌ಗಳಿಂದ ಆಯಿಲ್ ಸೋರುವುದು, ಚೈನಿನ ಕೊಂಡಿಗಳು ಸವೆದಿರುವುದು ಬದಲಾವಣೆಯ ಕಾಲ ಸಮೀಪಿಸಿದ ಲಕ್ಷಣಗಳು. ಚಕ್ರದ ಯಂತ್ರಗಳಲ್ಲಿ ಟೈರು, ಬ್ರೇಕು, ಸ್ಟಿಯರಿಂಗ್‌ಗಳ ಪರೀಕ್ಷೆಗೆ ಇದೇ ಮಹತ್ವವಿದೆ.

ಬೆಲೆಯ ನಿರ್ಣಯ

ನಿಂತ ಯಂತ್ರವನ್ನು ನೋಡಿ ತೀರ್ಮಾನಿಸುವುದು ಸಾಲದು. ಮಣ್ಣಿನಲ್ಲಿ ಸಾಕಷ್ಟು ಹೊತ್ತು ಅಗೆಸಿ, ಆಯಿಲ್ ಬಿಸಿಯಾದ ಮೇಲೂ ಬಲ ಕುಂದದೆಯೇ ಎಂದು ಗಮನಿಸಬೇಕು. ಕಂಡುಬಂದ ಪ್ರತಿ ದೋಷದ ದುರಸ್ತಿ ವೆಚ್ಚ, ದುರಸ್ತಿಯ ಅವಧಿಯಲ್ಲಿ ತಪ್ಪುವ ಬಾಡಿಗೆ ಮತ್ತು ಸಾಗಾಣಿಕೆಯ ಖರ್ಚನ್ನು ಕೇಳಿದ ಬೆಲೆಗೆ ಕೂಡಿಸಿದಾಗ ಯಂತ್ರದ ನಿಜವಾದ ಬೆಲೆ ತಿಳಿಯುತ್ತದೆ. ಕೊಳ್ಳುವವರಿಗೆ ತಾಂತ್ರಿಕ ಅನುಭವವಿಲ್ಲದಿದ್ದರೆ, ಮಾರುವವರೊಂದಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಮುಂಗಡ ಕೊಡುವ ಮೊದಲೇ ಈ ಪರಿಶೀಲನೆ ಮಾಡಿಸುವುದು ಸೂಕ್ತ.