ರಿಪೋರ್ಟ್ ನಾರ್ಮಲ್ ಬಂದರೆ ನೋವು ಸುಳ್ಳಾಗುವುದಿಲ್ಲ

“ಯೂರಿನ್ ರಿಪೋರ್ಟ್ ನಾರ್ಮಲ್ ಇದೆ, ಕಲ್ಚರ್‌ನಲ್ಲೂ ಏನೂ ಬೆಳೆದಿಲ್ಲ. ನೀವೇ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ.” ನಮ್ಮ ಅತ್ತಿಗೆ ಆರು ವರ್ಷಗಳಲ್ಲಿ ನಾಲ್ಕು ಕಡೆ ಈ ಮಾತು ಕೇಳಿಸಿಕೊಂಡರು. ಮೂತ್ರಕೋಶ ತುಂಬುತ್ತಿದ್ದಂತೆ ಕಿಬ್ಬೊಟ್ಟೆ ನೋವು, ಹೋಗಿ ಬಂದರೆ ಒಂದು ಗಳಿಗೆ ಹಗುರ, ರಾತ್ರಿ ಏಳೆಂಟು ಸಲ ಏಳಬೇಕು. ಮನೆಯವರು ಮೊದಲು ಉಷ್ಣ ಎಂದು ಬಾರ್ಲಿ ನೀರು ಕುಡಿಸಿದರು. ಆಮೇಲೆ ಅವರೂ ಡಾಕ್ಟರ ಮಾತನ್ನೇ ಹಿಡಿದರು.

ಸೋಂಕಿಲ್ಲ, ಉರಿಯೂತವಿಲ್ಲ, ಹಾಗಾಗಿ ನೋವೂ ಇಲ್ಲ. ಈ ತರ್ಕ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಇದು ತಪ್ಪೆಂದು ಪ್ರಯೋಗಾಲಯದ ಇಲಿಗಳಲ್ಲಿ ಕಂಡು ವರ್ಷಗಳೇ ಆಗಿವೆ.

ಇಲಿಯ ನೋವನ್ನು ಅಳೆಯುವುದು ಹೀಗೆ. ತಂತಿಬಲೆಯ ಮೇಲೆ ಇಲಿಯನ್ನು ಬಿಟ್ಟು, ಕೆಳಗಿನಿಂದ ಅದರ ಕಿಬ್ಬೊಟ್ಟೆಗೆ ನೈಲಾನ್ ಎಳೆ ತಾಗಿಸುತ್ತಾರೆ, ಎಳೆ ಬಾಗುವವರೆಗೆ ಮಾತ್ರ. ದಪ್ಪಕ್ಕೆ ತಕ್ಕಂತೆ ಪ್ರತಿ ಎಳೆಯ ಒತ್ತಡ ಗೊತ್ತಿರುತ್ತದೆ. ಆರೋಗ್ಯವಂತ ಇಲಿ ಲೆಕ್ಕಕ್ಕೇ ತೆಗೆದುಕೊಳ್ಳದ ತೆಳ್ಳನೆಯ ಎಳೆಗೂ ನೋವಿರುವ ಇಲಿ ಹೊಟ್ಟೆ ಒಳಗೆಳೆದುಕೊಳ್ಳುತ್ತದೆ, ಜಿಗಿಯುತ್ತದೆ, ತಾಗಿದ ಜಾಗವನ್ನು ನೆಕ್ಕುತ್ತದೆ. ಅದನ್ನು ಎಣಿಸುತ್ತಾರೆ.

2010ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಇ. ಕೋಲೈ ಬ್ಯಾಕ್ಟೀರಿಯಾದ ಎರಡು ತಳಿಗಳನ್ನು ಸುಂಡಿಲಿಗಳ ಮೂತ್ರಕೋಶಕ್ಕೆ ಬಿಟ್ಟು ನೋಡಿದರು. ಒಂದು, ಮೂತ್ರಕೋಶದ ಸೋಂಕಿನಿಂದ ನರಳಿದವರಿಂದ ಬಂದದ್ದು. ಇನ್ನೊಂದು, ಯಾವ ತೊಂದರೆಯೂ ಕೊಡದೆ ಮೂತ್ರದಲ್ಲಿ ಉಳಿದುಕೊಂಡಿದ್ದ ತಳಿ. ಮೊದಲನೆಯದು ನೋವು ತಂದಿತು, ಎರಡನೆಯದು ತರಲಿಲ್ಲ. ಉರಿಯೂತ ಎಷ್ಟಿದೆ ಎಂಬುದಕ್ಕೂ ನೋವಿಗೂ ತಾಳೆಯೇ ಆಗಲಿಲ್ಲ. ಮತ್ತೊಂದು ಬಗೆಯ ಪ್ರಯೋಗದಲ್ಲಿ ಮೂತ್ರಕೋಶಕ್ಕೆ ಏನನ್ನೂ ಹಾಕುವುದೇ ಇಲ್ಲ. ಸುತ್ತ ನೀರಿರುವ ಪುಟ್ಟ ಕಟ್ಟೆಯ ಮೇಲೆ ಇಲಿಯನ್ನು ದಿನಕ್ಕೊಂದು ಗಂಟೆ, ಹತ್ತು ದಿನ ಕೂರಿಸುತ್ತಾರೆ. ಆ ಒತ್ತಡವೊಂದರಿಂದಲೇ ಮೂತ್ರಕೋಶ ಹಿಗ್ಗಿದಾಗಿನ ನೋವಿನ ಪ್ರತಿಕ್ರಿಯೆ ಹೆಚ್ಚುತ್ತದೆ. ನರಗಳೇ ಸೂಕ್ಷ್ಮವಾಗಿಬಿಟ್ಟಿರುತ್ತವೆ. ಒತ್ತಡದಿಂದ ಬಂತು ಎಂದ ಮಾತ್ರಕ್ಕೆ ಅದು ಭ್ರಮೆಯಲ್ಲ, ದೇಹದಲ್ಲೇ ಆದ ಬದಲಾವಣೆ. ಸಾಕಿದ ಬೆಕ್ಕುಗಳಿಗಂತೂ ಇಂಥ ಕಾಯಿಲೆ ತಾನಾಗಿಯೇ ಬರುತ್ತದೆ, ಅವುಗಳ ಮೂತ್ರದಲ್ಲೂ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಸಿಗುವುದಿಲ್ಲ.

ಇಲಿ ಪ್ರಯೋಗದಿಂದ ಮನುಷ್ಯರಿಗೆ ಏನೂ ಉಪಯೋಗವಿಲ್ಲ ಎನ್ನುವವರಿದ್ದಾರೆ, ಅದೂ ಸುಳ್ಳು: ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧಿ ದೇಹದಲ್ಲಿ ಒಡೆದು ಅಕ್ರೋಲಿನ್ ಎಂಬ ವಿಷವಸ್ತು ಹುಟ್ಟಿ ಮೂತ್ರಕೋಶ ಸುಡುವುದು ಇಲಿಗಳಲ್ಲೂ ಕಂಡಿತು, ಅದನ್ನು ತಡೆಯುವ ಮೆಸ್ನಾ ಎಂಬ ಮದ್ದು ಇಂದು ರೋಗಿಗಳಿಗೆ ಸಿಗುತ್ತಿದೆ.

ಆದರೆ ಅದೇ ಸೈಕ್ಲೋಫಾಸ್ಫಮೈಡ್ ಚುಚ್ಚಿ ಒಂದೆರಡು ದಿನದಲ್ಲಿ ತರಿಸಿದ ಉರಿಯೂತ ಯಾವುದೋ ವಸ್ತುವಿನಿಂದ ಇಲಿಯಲ್ಲಿ ಇಳಿದರೆ ಸಾಕು, ‘ಮೂತ್ರಕೋಶದ ನೋವಿಗೆ ಮದ್ದು ಸಿಕ್ಕಿತು’ ಎಂಬ ಶೀರ್ಷಿಕೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ವರ್ಷಗಟ್ಟಲೆ ನರಳುವವರ ಕಾಯಿಲೆ ಅದಲ್ಲ. ಇಂಥ ಸುದ್ದಿಯನ್ನು ನಂಬಿ ಮನೆಯವರು ಪುಡಿ, ಕಷಾಯ ತರಿಸುತ್ತಾರೆ. ಎದುರಿಗೆ ಕುಳಿತ ಹೆಂಗಸು ನೋಯುತ್ತಿದೆ ಎಂದರೆ ಮಾತ್ರ ನಂಬುವುದಿಲ್ಲ. ಯಾರದೋ ಫಾರ್ವರ್ಡ್‌ಗೆ ಇರುವ ಬೆಲೆ ಅವಳ ಮಾತಿಗೆ ಯಾಕಿಲ್ಲ?

ಐದನೆಯ ಡಾಕ್ಟರು ರಿಪೋರ್ಟುಗಳನ್ನು ಬದಿಗಿಟ್ಟು, ಯಾವ ಹೊತ್ತಿಗೆ ಹೋದಿರಿ, ಎಷ್ಟು ಮಿಲಿ, ಆಗ ನೋವು ಎಷ್ಟಿತ್ತು, ಮೂರು ದಿನ ಬರೆದುಕೊಂಡು ಬನ್ನಿ ಎಂದರು. ಅತ್ತಿಗೆಯ ಕಾಯಿಲೆಗೆ ಹೆಸರು ಸಿಕ್ಕಿದ್ದು ಆ ಮೂರು ಹಾಳೆಗಳನ್ನು ಅವರು ಓದಿದ ಮೇಲೆ.