ವಿದೇಶಿ ಬಂಡವಾಳ ಮತ್ತು ಪಾವಗಡದ ಬಿಸಿಲು: ಹಸಿರು ವಿದ್ಯುತ್ತಿನ ದಕ್ಷತೆಯನ್ನು ಕುರಿತ ಕೆಲವು ಲೆಕ್ಕಗಳು

ಮೂರು ದಿಕ್ಕಿಗೂ ಆಂಧ್ರದ ಗಡಿಯಿರುವ ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಯ ಬರಸೀಮೆ. ಇಲ್ಲಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರಲ್ಲಿ ಪೂರ್ಣಗೊಂಡಿತು. (ಸಮುದ್ರ, ಚೆರ್ಲು ಎರಡೂ ಕೆರೆಯನ್ನು ಸೂಚಿಸುವ ಪದಗಳೆಂಬುದು ಊರ ಹೆಸರುಗಳ ಅಭ್ಯಾಸಿಗಳಿಗೆ ಕುತೂಹಲಕರ, ನೀರಿನ ಹೆಸರಿನ ಊರುಗಳು ಈಗ ಬಿಸಿಲಿನಿಂದ ಹೆಸರಾಗಿವೆ.) ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆಯೊಡನೆ, 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು.

ಇಂಥ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ. ವೆಚ್ಚದ ಬಹುಭಾಗ ಆರಂಭದಲ್ಲಿಯೇ ಬೀಳುತ್ತದೆ. ಆದುದರಿಂದ ಯೂನಿಟ್ಟಿನ ಬೆಲೆಯನ್ನು ಬಿಸಿಲಿನಷ್ಟೇ ಬಡ್ಡಿಯೂ ನಿರ್ಧರಿಸುತ್ತದೆ. ಒಂದು ಮೆಗಾವ್ಯಾಟ್ ಸ್ಥಾಪನೆಗೆ 4 ಕೋಟಿ ರೂಪಾಯಿ ತಗಲುತ್ತದೆಂದೂ, ಸಾಮರ್ಥ್ಯದ ಶೇಕಡ 20ರಷ್ಟು ಮಾತ್ರ ಉತ್ಪಾದನೆಯಾಗುತ್ತದೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್ ದೊರೆಯುತ್ತದೆ. ಬಂಡವಾಳದ ವೆಚ್ಚ ಶೇಕಡ 1ರಷ್ಟು ಇಳಿದರೆ 4 ಲಕ್ಷ ರೂಪಾಯಿ, ಅಂದರೆ ಯೂನಿಟ್ಟಿಗೆ 23 ಪೈಸೆ ಉಳಿಯುತ್ತದೆ. ಇತ್ತ ಮೆಗಾವ್ಯಾಟಿಗೆ ಆರೂಕಾಲು ಎಕರೆ ಹಿಡಿದರೆ, ರೈತನ ಮೂಲ ಗುತ್ತಿಗೆಹಣ ಯೂನಿಟ್ಟಿಗೆ ಎಂಟು ಪೈಸೆಯನ್ನೂ ಮುಟ್ಟುವುದಿಲ್ಲ. ಶೇಕಡ ಒಂದರ ಬಡ್ಡಿಯ ತೂಕ ಇಡೀ ನೆಲದ ಬಾಡಿಗೆಯ ಮೂರು ಪಟ್ಟು!

ವಿದೇಶಿ ಬಂಡವಾಳದ ಮಹತ್ವವಿರುವುದು ಇಲ್ಲಿಯೇ. ಕಡಿಮೆ ಬಡ್ಡಿಯ ಹಣವುಳ್ಳವರು ದುಬಾರಿಯಾದರೂ ಹೆಚ್ಚು ವಿದ್ಯುತ್ ಕೊಡುವ ಫಲಕಗಳನ್ನು ಹಾಕಬಲ್ಲರು. ಅದೇ ಎಕರೆ ಹೆಚ್ಚು ಫಲಿಸುತ್ತದೆ. ಫಿನ್‌ಲೆಂಡಿನ ಫೋರ್ಟಮ್ ಕಂಪನಿ 2016ರಲ್ಲಿ ಪಾವಗಡದ 100 ಮೆಗಾವ್ಯಾಟನ್ನು ಯೂನಿಟ್ಟಿಗೆ 4.79 ರೂಪಾಯಿ ದರದಲ್ಲಿ ಪಡೆದಿತ್ತು. 2018ರಲ್ಲಿ ಅದೇ ಕಂಪನಿ 250 ಮೆಗಾವ್ಯಾಟಿಗೆ ಒಪ್ಪಿದ ದರ 2.85 ರೂಪಾಯಿ. ಈ ಇಳಿತವನ್ನೆಲ್ಲ ವಿದೇಶಿ ಹಣದ ಕೊಡುಗೆಯೆನ್ನುವುದು ಅತಿಶಯೋಕ್ತಿ. ಫಲಕಗಳ ಬೆಲೆ ಕುಸಿದದ್ದೂ, ಹರಾಜಿನ ಪೈಪೋಟಿಯೂ ಇದರಲ್ಲಿ ಸೇರಿವೆ. ರೂಪಾಯಿಯ ಮೌಲ್ಯ ಕುಸಿಯುವ ಭಯಕ್ಕೆ ತೆರುವ ರಕ್ಷಣಾ ವೆಚ್ಚ ಅಗ್ಗದ ಬಡ್ಡಿಯ ಲಾಭವನ್ನು ಬಹಳಷ್ಟು ನುಂಗುವುದೂ ಉಂಟು.

ಹರಿದು ಬಂದ ಹಣ ನಿಂತ ನೀರಲ್ಲ. ಫೋರ್ಟಮ್ 2018ರಲ್ಲಿ ತನ್ನ ಭಾರತದ ಸೌರ ಸ್ಥಾವರಗಳ ಒಂದು ಭಾಗದಲ್ಲಿ ಶೇಕಡ 54ರಷ್ಟು ಪಾಲನ್ನು ಮಾರಿತು. ಪಾವಗಡದ 250 ಮೆಗಾವ್ಯಾಟನ್ನು ಬ್ರಿಟನ್ನಿನ ಆಕ್ಟಿಸ್ ಸಂಸ್ಥೆಗೆ ಮಾರುವ ಒಪ್ಪಂದವನ್ನು 2021ರಲ್ಲಿ ಪ್ರಕಟಿಸಿತು. ಒಡೆತನ ಕೈ ಬದಲಿಸಿದರೂ ರೈತನ ಗುತ್ತಿಗೆಯ ಮೊತ್ತ ಪತ್ರದಲ್ಲಿ ಬರೆದಷ್ಟೇ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇನ್ನೊಂದು ಲೆಕ್ಕವಿದೆ. ಬಯಲುಸೀಮೆಯಲ್ಲಿ ಹೊಲವೆಂಬುದು ಒಡೆಯನೊಬ್ಬನದೇ ಆಗಿರಲಿಲ್ಲ. ಕೋರಿಗೆ ಉಳುವವನಿಗೆ ಬೆಳೆಯಲ್ಲಿ ಪಾಲು, ಕಳೆ ಕೀಳುವವಳಿಗೆ ಕೂಲಿ, ಕೊಯ್ಲಾದ ಮೇಲೆ ಕೂಳೆ ಮೇಯಿಸುವ ಹಕ್ಕು ಕುರಿಗಾಹಿಗೆ. ಹೊಲದಲ್ಲಿ ಕುರಿಮಂದೆ ತರುಬಿಸಿಕೊಂಡವನು ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕೊಡುತ್ತಿದ್ದ. ಪಹಣಿಯಲ್ಲಿ ಇವರಾರ ಹೆಸರೂ ಇರುವುದಿಲ್ಲವಾದ್ದರಿಂದ ಗುತ್ತಿಗೆಹಣದಲ್ಲಿಯೂ ಇವರಿಗೆ ಪಾಲಿಲ್ಲ. ದಕ್ಷತೆಯನ್ನು ಎಕರೆಗೆ ಇಷ್ಟು ಯೂನಿಟ್ ಎಂದು ಅಳೆಯುವಾಗ, ಅದೇ ಎಕರೆ ಹಿಂದೆ ಎಷ್ಟು ಮನೆಗಳಿಗೆ ಅನ್ನವಾಗಿತ್ತೆಂಬುದನ್ನೂ ದಾಖಲಿಸಬೇಕೆಂಬುದು ನನ್ನ ಅಭಿಪ್ರಾಯ. ಗುತ್ತಿಗೆ ಮುಗಿಯುವ ವೇಳೆಗೆ ಬದುಗಳ ಗುರುತು, ಹೊಲಗಳ ಹೆಸರು ಬಲ್ಲ ಹಿರಿಯರು ಎಷ್ಟು ಮಂದಿ ಉಳಿದಿರುತ್ತಾರೋ. ಆ ಹೆಸರುಗಳ ಸಂಗ್ರಹವನ್ನಾದರೂ ಈಗಲೇ ಕೈಗೊಳ್ಳಬಹುದು.