ಸೌರಫಲಕದ ಬೆನ್ನಿನ ಬರಹ

ಲಿಂಗನಮಕ್ಕಿಯಲ್ಲಿ 1964ರಲ್ಲಿ ಶರಾವತಿಯ ಅಣೆಕಟ್ಟು ಪೂರ್ಣವಾಗಿ, ಸಾಗರ ಮತ್ತು ಹೊಸನಗರ ಸೀಮೆಗಳ ಗದ್ದೆ, ತೋಟ, ಮನೆಗಳು ಹಿನ್ನೀರಿನಲ್ಲಿ ಅಂತರ್ಧಾನವಾದ ಮೇಲೆ, ಇಲ್ಲಿ ಹುಟ್ಟಿದ ವಿದ್ಯುತ್ತು ದೂರದೂರದ ಪಟ್ಟಣಗಳನ್ನು ಬೆಳಗುತ್ತಿದ್ದಾಗಲೂ, ಅದೇ ಹಿನ್ನೀರಿನ ದಂಡೆಯ ಅನೇಕ ಮನೆಗಳು ಬಹುಕಾಲ ಸೀಮೆಎಣ್ಣೆಯ ಬುಡ್ಡಿದೀಪವನ್ನೇ ನೆಚ್ಚಿಕೊಂಡಿದ್ದುವೆಂಬುದು ಮಲೆನಾಡಿಗರೆಲ್ಲರೂ ಬಲ್ಲ ಸಂಗತಿ. ಗುಡ್ಡದ ಆಚೆಗೊಂದು, ಹಳ್ಳದ ಈಚೆಗೊಂದು ಎಂಬಂತೆ ಚದುರಿದ ಒಂಟಿಮನೆಗಳಿಗೆ ಕಂಬ ನೆಟ್ಟು ತಂತಿ ಎಳೆಯುವುದು ದುಸ್ತರವಾದುದರಿಂದಲೇ, ಎರಡು ಮೂರು ದೀಪಗಳಿಗೆ ಸಾಲುವ ಪುಟ್ಟ ಸೌರಫಲಕಗಳು ಪಟ್ಟಣಗಳಿಗಿಂತ ಮುಂಚಿತವಾಗಿ ಈ ಸೀಮೆಯ ಹೆಂಚಿನ ಮಾಡುಗಳನ್ನು ಏರಿದುವು. ಹರೀಶ್ ಹಂದೆಯವರು 1995ರಲ್ಲಿ ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಮನೆಗಳಿಗೆ ಸಾಲದ ಆಧಾರದಲ್ಲಿ ಸೌರದೀಪಗಳನ್ನು ತಲಪಿಸಿದುದೂ, ಆ ಕಾರ್ಯಕ್ಕಾಗಿ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದುದೂ ಈ ಇತಿಹಾಸದ ಒಂದು ಭಾಗವೇ.

ಆ ಕಾಲದ ಫಲಕಗಳು ಬಹುಮಟ್ಟಿಗೆ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದಂಥವು. ಕೈ ತಗಲಿದರೂ ಪ್ರಾಣಾಪಾಯದ ಭಯ ಅಷ್ಟಾಗಿ ಇರಲಿಲ್ಲ. ಇಂದು ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮನೆಗಳ ಮೇಲೆ ಏರುತ್ತಿರುವುದು ಬೇರೆಯೇ ಜಾತಿಯ ಯಂತ್ರ. 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಮೂರು ಕಿಲೋವಾಟಿನ ವ್ಯವಸ್ಥೆಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುತ್ತಿರುವುದರಿಂದ ಮಧ್ಯಮ ವರ್ಗದ ಗೃಹಸ್ಥರೂ ಇದಕ್ಕೆ ಮನಸ್ಸು ಮಾಡುತ್ತಿದ್ದಾರೆ. ಸುಮಾರು 540 ವಾಟಿನ ಒಂದು ಫಲಕವು ಬಿಸಿಲಿನಲ್ಲಿ 49 ವೋಲ್ಟಿನಷ್ಟನ್ನು ಕೊಡುವುದಾದರೆ, ಆರು ಫಲಕಗಳನ್ನು ಸರಣಿಯಾಗಿ ಕಟ್ಟಿದಾಗ ತಂತಿಯಲ್ಲಿ ನಿಲ್ಲುವುದು 300 ವೋಲ್ಟಿನ ಸಮೀಪದ ಏಕಮುಖ ವಿದ್ಯುತ್ತು. ಮನೆಯ ಗೋಡೆಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕಿಳಿಯುವುದರಿಂದ ಅಲ್ಲಿ ಹುಟ್ಟಿದ ಕಿಡಿ ತಾನಾಗಿ ನಂದುವ ಸಂಭವವುಂಟು. ಏಕಮುಖ ಪ್ರವಾಹಕ್ಕೆ ಅಂಥ ವಿರಾಮವಿಲ್ಲ, ಸಡಿಲವಾದ ಒಂದು ಕೊಂಡಿಯಲ್ಲಿ ಹೊತ್ತಿಕೊಂಡ ಚಾಪವು ಉರಿಯುತ್ತಲೇ ಇರಬಲ್ಲುದು. ಮೇಲಾಗಿ, ಸೂರ್ಯನು ಆಕಾಶದಲ್ಲಿರುವ ತನಕ ಫಲಕವನ್ನು ನಿಲ್ಲಿಸುವ ಗುಂಡಿ ಎಂಬುದೇ ಇಲ್ಲ.

ಆದುದರಿಂದ ಈ ಫಲಕಗಳ ಮೇಲೆ ಮುದ್ರಿತವಾಗಿರುವ ಸುರಕ್ಷತೆಯ ಗುರುತುಗಳನ್ನು ಓದುವ ವಿದ್ಯೆಯು ಗೃಹಸ್ಥನಿಗೆ ಅವಶ್ಯವಾಗಿ ಬೇಕು. ಅದನ್ನು ಅಂಗಡಿಯವನ ಮಾತಿಗೆ ಒಪ್ಪಿಸಿಬಿಡುವುದು ಸರ್ವಥಾ ತರವಲ್ಲ. ಗುರುತುಗಳಿರುವುದು ಫಲಕದ ಬೆನ್ನಿನ ಮೇಲೆ. ಗಾಜಿನ ಮುಖ ಮೇಲಾಗಿ ಚೌಕಟ್ಟಿಗೆ ಬಿಗಿದ ಮೇಲೆ ಮುಂದಿನ ಇಪ್ಪತ್ತೈದು ವರ್ಷ ಆ ಬೆನ್ನನ್ನು ಕಾಣುವವರು ಯಾರೂ ಇಲ್ಲ. ಲಾರಿಯಿಂದ ಇಳಿದ ಫಲಕಗಳು ಅಡಕೆ ಒಣಗಿಸುವ ಅಂಗಳದಲ್ಲಿ ಜಗುಲಿಗೆ ಒರಗಿ ನಿಂತಿರುವ ಅರ್ಧದಿನವೇ ಓದುವ ಮುಹೂರ್ತ. ಅಲ್ಲಿ ಅಂಗೈಯಗಲದ ಒಂದು ಬಿಳಿಯ ಚೀಟಿಯಿರುತ್ತದೆ: ತಯಾರಕನ ಹೆಸರು, ಮಾದರಿಯ ಸಂಖ್ಯೆ, ವಾಟುಗಳಲ್ಲಿ ಗರಿಷ್ಠ ಶಕ್ತಿ, ತೆರೆದ ಮಂಡಲದ ವೋಲ್ಟೇಜು, ಹ್ರಸ್ವಮಂಡಲದ ಪ್ರವಾಹ, ವ್ಯವಸ್ಥೆಯ ಗರಿಷ್ಠ ವೋಲ್ಟೇಜು, ಫ್ಯೂಸಿನ ಮಿತಿ, ಇವುಗಳ ಪಕ್ಕದಲ್ಲಿ ಭಾರತೀಯ ಮಾನಕ ಬ್ಯೂರೋವಿನ, ಎಂದರೆ ಬಿಐಎಸ್‌ನ, ಲಾಂಛನ, ಅದರ ಮೇಲೆ ಮಾನಕದ ಸಂಖ್ಯೆ, ಕೆಳಗೆ ‘ಆರ್’ ಎಂಬ ಅಕ್ಷರದಿಂದ ಮೊದಲಾಗುವ ಎಂಟು ಅಂಕಿಗಳ ನೋಂದಣಿ ಸಂಖ್ಯೆ.

ಈ ‘ಆರ್’ ಗುರುತಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜನಕ್ಕೆ ಪರಿಚಿತವಾದ ಐಎಸ್‌ಐ ಮುದ್ರೆಯು ಅಧಿಕಾರಿಗಳು ಕಾರ್ಖಾನೆಯನ್ನು ಪರಿಶೀಲಿಸಿ ಪರವಾನಗಿ ಕೊಟ್ಟ ಬಳಿಕ ಬರುವಂಥದು. ಸೌರಫಲಕಗಳ ಕ್ರಮ ಅದಲ್ಲ. ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಹೊರಡಿಸಿದ ಆಜ್ಞೆಯ ಪ್ರಕಾರ ತಯಾರಕನು ತನ್ನ ಫಲಕದ ಮಾದರಿಗಳನ್ನು ಬ್ಯೂರೋ ಮಾನ್ಯ ಮಾಡಿದ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ಆ ವರದಿಯ ಆಧಾರದ ಮೇಲೆ ನೋಂದಾಯಿಸಿಕೊಂಡು, ತನ್ನ ಸರಕು ಮಾನಕಕ್ಕೆ ಅನುಗುಣವಾಗಿದೆಯೆಂದು ತಾನೇ ಘೋಷಿಸಬೇಕು. ನೋಂದಣಿಯು ನಿರ್ದಿಷ್ಟ ಕಾರ್ಖಾನೆಗೂ ನಿರ್ದಿಷ್ಟ ಬ್ರಾಂಡಿಗೂ ಸೀಮಿತವಾದುದು. ಅದಕ್ಕೆ ಅವಧಿಯೂ ಉಂಟು. ಎಂದ ಮೇಲೆ ಮುದ್ರೆಯನ್ನು ಕಂಡು ಸುಮ್ಮನಾಗುವುದು ಅರ್ಧ ಕೆಲಸ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಎಂಟು ಅಂಕಿಗಳನ್ನು ಹಾಕಿ, ಅಲ್ಲಿ ಬರುವ ತಯಾರಕನ ಹೆಸರು, ಬ್ರಾಂಡು, ಚೀಟಿಯ ಮೇಲಿನವುಗಳೊಂದಿಗೆ ಹೊಂದುತ್ತವೆಯೇ, ನೋಂದಣಿ ಇನ್ನೂ ಜೀವಂತವಾಗಿದೆಯೇ ಎಂದು ನೋಡುವುದು ಉಳಿದರ್ಧ. ಇದಕ್ಕೆ ಬೇಕಾಗುವುದು ಎರಡು ನಿಮಿಷ ಮತ್ತು ಸಿಗ್ನಲ್ ಸಿಗುವ ಒಂದು ದಿಬ್ಬ.

ಗುರುತಿನ ಮೇಲೆ ಬರುವ ಮಾನಕಗಳು ಮುಖ್ಯವಾಗಿ ಎರಡು. ಐಎಸ್ 14286 ಎಂಬುದು ಫಲಕವು ಬಾಳಿಕೆ ಬರುವುದೇ ಎಂಬುದನ್ನೂ, ಐಎಸ್/ಐಇಸಿ 61730 ಎಂಬುದು ಮನುಷ್ಯನಿಗೆ ಅದರಿಂದ ಅಪಾಯವಾಗದೇ ಎಂಬುದನ್ನೂ ಪರೀಕ್ಷಿಸುತ್ತವೆ. ಮೊದಲನೆಯದರ ಪರೀಕ್ಷೆಗಳು ಉಗ್ರವಾದುವು. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿಯ ಶಾಖದವರೆಗೆ ಇನ್ನೂರು ಬಾರಿ ಏರಿಳಿಸುವುದು. 25 ಮಿಲಿಮೀಟರ್ ವ್ಯಾಸದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುವುದು. 2400 ಪಾಸ್ಕಲ್, ಎಂದರೆ ಚದರ ಮೀಟರಿಗೆ ಸುಮಾರು 245 ಕಿಲೋಗ್ರಾಮಿನಷ್ಟು ಭಾರವನ್ನು ಹೇರುವುದು. 85 ಡಿಗ್ರಿ ಶಾಖ ಮತ್ತು ಶೇಕಡ 85ರ ತೇವದಲ್ಲಿ ಒಂದು ಸಾವಿರ ಗಂಟೆ, ನಲವತ್ತೊಂದು ದಿನಕ್ಕೂ ಮಿಕ್ಕ ಕಾಲ, ಬೇಯಿಸುವುದು.

ಈ ಕಡೆಯದೇ ನಮ್ಮವರಿಗೆ ಅತ್ಯಂತ ಪ್ರಸ್ತುತವಾದುದು. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಹೊಸನಗರದ ಹುಲಿಕಲ್ಲು ಅದಕ್ಕೆ ಸರಿಸಾಟಿಯಾಗಿ ಸುರಿಸುವ ಊರು. ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ಪರ್ಯಂತ ಗೋಡೆಗಳೇ ಬೆವರುವ ಈ ಸೀಮೆಯಲ್ಲಿ ಫಲಕದ ಅಂಚಿನ ಮೇಣ ಎಲ್ಲಿಯಾದರೂ ಬಿಟ್ಟುಕೊಂಡಿತೆಂದರೆ ತೇವವು ಒಳಹೊಕ್ಕು, ಬೆಳ್ಳಿಯ ಗೆರೆಗಳು ಕಪ್ಪಾಗಿ, ಸೋರುಪ್ರವಾಹವು ಅಲ್ಯೂಮಿನಿಯಂ ಚೌಕಟ್ಟಿಗೆ ಹತ್ತಲು ತಡವಾಗದು. ಇದನ್ನೇ ನೋಡುವ ಇನ್ನೊಂದು ಪರೀಕ್ಷೆಯುಂಟು: ಫಲಕವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅದರ ಗರಿಷ್ಠ ವೋಲ್ಟೇಜನ್ನು ಕೊಟ್ಟು, ನಿರೋಧವನ್ನು ಅಳೆಯುತ್ತಾರೆ, ಮೆಗಾಓಮ್‌ಗಳಲ್ಲಿ ಬಂದ ನಿರೋಧವನ್ನು ಚದರ ಮೀಟರಿನ ವಿಸ್ತೀರ್ಣದಿಂದ ಗುಣಿಸಿದಾಗ ನಲವತ್ತಕ್ಕೆ ಕಡಿಮೆಯಾಗಕೂಡದು. ಶ್ರಾವಣದ ಜಡಿಮಳೆಯಲ್ಲಿ ಹೆಂಚು ಕೈಯಾಡಿಸಲು ಏರುವ ಆಳಿನ ಪ್ರಾಣವು ಈ ಒಂದು ಅಂಕಿಯ ಮೇಲೆ ನಿಂತಿದೆ.

ಅಡಕೆಯ ಹೆಡೆಯ ನೆರಳು ಅಥವಾ ಮಾಡಿನ ಮೇಲೆ ಬಿದ್ದು ಅಂಟಿಕೊಂಡ ಒಂದು ಹಲಸಿನೆಲೆ ಸಹ ಇಲ್ಲಿ ಅಲಕ್ಷಿಸತಕ್ಕ ಸಂಗತಿಯಲ್ಲ. ನೆರಳಿಗೆ ಬಿದ್ದ ಕೋಶವು ವಿದ್ಯುತ್ತನ್ನು ಕೊಡುವುದರ ಬದಲು ನೆರೆಯ ಕೋಶಗಳ ಶಕ್ತಿಯನ್ನು ನುಂಗಿ ಕಾದು, ಹಿಂದಿನ ಹಾಳೆಯನ್ನು ಸುಡಬಲ್ಲುದು. ಇದನ್ನು ತಡೆಯುವುದಕ್ಕೆಂದೇ ಬೆನ್ನಿನ ಪೆಟ್ಟಿಗೆಯಲ್ಲಿ ಬೈಪಾಸ್ ಡಯೋಡುಗಳಿರುತ್ತವೆ. ಅವು ಕೆಲಸ ಮಾಡುತ್ತವೆಯೇ ಎಂಬುದೂ ಪರೀಕ್ಷೆಯ ಒಂದು ಅಂಗ. ಹಾಗೆಯೇ, ಕೊಟ್ಟಿಗೆಯ ಶೀಟಿನ ಮೇಲೆ ಫಲಕ ಹಾಕಿಸುವವರು ಐಇಸಿ 62716 ಎಂಬ ಸಂಖ್ಯೆಯನ್ನು ಕೇಳಿ ನೋಡಬೇಕು. ಗೊಬ್ಬರ, ಗಂಜಲಗಳಿಂದ ಏಳುವ ಅಮೋನಿಯಾ ಅನಿಲವನ್ನು ಫಲಕವು ತಾಳುವುದೇ ಎಂಬ ಪರೀಕ್ಷೆ ಅದು. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ಆದರೂ ದನ ಸಾಕುವ ಮನೆಯವರಿಗೆ ಇದು ಕೇಳತಕ್ಕ ಪ್ರಶ್ನೆಯೆಂದು ನನ್ನ ದೃಢವಾದ ಅಭಿಪ್ರಾಯ.

ಚೀಟಿಯ ಮೇಲೆ ಇನ್ನೂ ಕೆಲವು ಮುದ್ರೆಗಳು ಕಾಣಿಸಿಯಾವು. ಯುಎಲ್ ಎಂಬುದು 1894ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಬೆಂಕಿಯ ಅನಾಹುತಗಳನ್ನು ತಡೆಯುವ ಉದ್ದೇಶದಿಂದ ಹುಟ್ಟಿದ ಪರೀಕ್ಷಣ ಸಂಸ್ಥೆ. ಟಿಯುವಿ ಎಂಬುದು ಜರ್ಮನಿಯಲ್ಲಿ ಉಗಿಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ತಲೆಯೆತ್ತಿದ ಪರಿಶೀಲನ ಸಂಘಗಳ ಪರಂಪರೆ. ಇಬ್ಬರೂ ಮಾನ್ಯರೇ. ಸಿಇ ಎಂಬ ಎರಡು ಅಕ್ಷರಗಳ ವಿಷಯ ಹಾಗಲ್ಲ. ಅದು ಯುರೋಪಿನ ಮಾರುಕಟ್ಟೆಗಾಗಿ ತಯಾರಕನು ಮಾಡಿಕೊಳ್ಳುವ ಘೋಷಣೆ, ನಮ್ಮ ಮನೆಗೆ ಅದರಿಂದ ಯತ್ಕಿಂಚಿತ್ ರಕ್ಷಣೆಯೂ ಒದಗದು. ಇನ್ನು ಸಹಾಯಧನಕ್ಕೆ ಅವಶ್ಯವಾದ ಡಿಸಿಆರ್ ಎಂಬುದನ್ನು ಕೆಲವರು ಗುಣಮಟ್ಟದ ಮುದ್ರೆಯೆಂಬಂತೆ ಹೇಳಿ ಮಾರುತ್ತಾರೆ. ಕೋಶವೂ ಫಲಕವೂ ಭಾರತದಲ್ಲಿಯೇ ತಯಾರಾದುವೆಂಬುದಷ್ಟೇ ಅದರ ಅರ್ಥ. ಸುರಕ್ಷತೆಯ ಮಾತು ಅದರಲ್ಲಿಲ್ಲ.

ಫಲಕದ ಗುರುತನ್ನು ಇಷ್ಟು ಜಾಗರೂಕತೆಯಿಂದ ನೋಡುವವರೂ ಏಕಮುಖ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರಿನ ಗುರುತನ್ನು ಮರೆಯುವುದುಂಟು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಗುರುತರವಾದುದು. ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದು, ಎರಡು ಮೂರು ದಿನ ಕರೆಂಟು ಇಲ್ಲದಿರುವುದು ವಿಶೇಷವೇನಲ್ಲ. ಅಂಥ ವೇಳೆ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಲೈನ್‌ಮನ್ನನು ಮಳೆಯಲ್ಲಿ ಕಂಬ ಹತ್ತಿ, ತಂತಿ ನಿರ್ಜೀವವೆಂಬ ನಂಬಿಕೆಯಿಂದ ಕೈಯಿಟ್ಟಿರುತ್ತಾನೆ. ಯಾರದೋ ಮನೆಯ ಇನ್ವರ್ಟರು ಆ ಹೊತ್ತಿಗೆ ಫಲಕದ ವಿದ್ಯುತ್ತನ್ನು ತಂತಿಗೆ ಹಿಂದಕ್ಕೆ ಹರಿಯಿಸಿದರೆ ಆತನ ಗತಿಯೇನು? ಐಎಸ್ 16169 ಎಂಬ ಮಾನಕವು ಪರೀಕ್ಷಿಸುವುದು ಇದನ್ನೇ: ಜಾಲದ ವಿದ್ಯುತ್ತು ನಿಂತ ಎರಡು ಸೆಕೆಂಡಿನೊಳಗೆ ಇನ್ವರ್ಟರು ತನ್ನನ್ನು ತಾನೇ ಕಡಿದುಕೊಳ್ಳಬೇಕು. “ಬಿಸಿಲಿದೆ, ಫಲಕವಿದೆ, ಆದರೂ ಕರೆಂಟು ಹೋದೊಡನೆ ಸೋಲಾರೂ ಹೋಗುತ್ತದಲ್ಲ” ಎಂದು ಗೊಣಗುವವರನ್ನು ಎಲ್ಲ ಊರಿನಲ್ಲಿಯೂ ಕಾಣಬಹುದು. ಅದು ದೋಷವಲ್ಲ, ಇನ್ನೊಬ್ಬರ ಮನೆಯ ದುಡಿಯುವ ಮಗನನ್ನು ಉಳಿಸುವ ಏರ್ಪಾಡು. ಕರೆಂಟಿಲ್ಲದಾಗಲೂ ದೀಪ ಬೇಕೆನ್ನುವವರು ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರನ್ನು ಹಾಕಿಸಲಿ. ಅದು ಮನೆಯನ್ನು ಜಾಲದಿಂದ ಬೇರ್ಪಡಿಸಿ ನಡೆಸುತ್ತದೆ. ಆದರೆ ಈ ರಕ್ಷಣೆಯನ್ನು ತಪ್ಪಿಸಿ ತಂತಿ ತಿರುಗಿಸಿ ಕೊಡುತ್ತೇನೆಂಬ ಕೈಚಳಕದವನನ್ನು ಅಂಗಳಕ್ಕೆ ಕಾಲಿಡಗೊಡಬಾರದು. ಇನ್ವರ್ಟರಿನ ಸ್ವಂತ ಸುರಕ್ಷತೆಗೆ ಐಎಸ್ 16221, ಏಕಮುಖ ವಿದ್ಯುತ್ತಿನ ಕೇಬಲ್ಲಿಗೆ ಐಎಸ್ 17293 ಎಂಬ ಸಂಖ್ಯೆಗಳಿವೆ. ಅಂಗಡಿಯ ಮೂಲೆಯಲ್ಲಿ ಉಳಿದ ಮನೆವಯರಿಂಗಿನ ತಂತಿಯನ್ನು ಬಿಸಿಲಿಗೆ ಎಳೆಯಗೊಡಬೇಡಿ.

ಗುರುತುಗಳಿಗೆ ಒಂದು ಮೇರೆಯೂ ಉಂಟು. ಅವು ಕಾರ್ಖಾನೆಯಿಂದ ಹೊರಟ ಮಾದರಿಯ ಪರವಾಗಿ ಸಾಕ್ಷಿ ನುಡಿಯುತ್ತವೆಯೇ ಹೊರತು ನಿಮ್ಮ ಮಾಡಿನ ಪರವಾಗಿ ಅಲ್ಲ. ಏರಿಸುವಾಗ ಕೆಲಸದವನು ಗಾಜಿನ ಮೇಲೆ ಕಾಲೂರಿ ನಿಂತರೆ ಒಳಗಿನ ಕೋಶಗಳು ಕಣ್ಣಿಗೆ ಕಾಣದಂತೆ ಬಿರುಕುಬಿಟ್ಟಾವು. ಚೈತ್ರ ವೈಶಾಖಗಳ ಸಿಡಿಲಿಗೆ ಪ್ರಸಿದ್ಧವಾದ ಈ ಸೀಮೆಯಲ್ಲಿ, ಬೇಸಗೆಯಲ್ಲಿ ಒಣಗಿ ಕಲ್ಲಾಗುವ ಜಂಬಿಟ್ಟಿಗೆಯ ನೆಲದಲ್ಲಿ, ಅರ್ತಿಂಗ್ ಕೊಟ್ಟಿದ್ದೇವೆಂದು ಬಾಯಲ್ಲಿ ಹೇಳಿದರೆ ಸಾಲದು. ಮೀಟರ್ ಇಟ್ಟು ಅಳೆದು ತೋರಿಸಬೇಕು, ಸರ್ಜ್ ರಕ್ಷಕವನ್ನು ಕೂಡಿಸಿರಬೇಕು.

ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ಫಲಕಗಳು ಮಾಡಿಗೆ ಏರುವ ಮೊದಲು ಪ್ರತಿಯೊಂದರ ಬೆನ್ನಿನ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಫಲಕ ಮತ್ತು ಇನ್ವರ್ಟರುಗಳ ‘ಆರ್’ ಸಂಖ್ಯೆಗಳನ್ನೂ ಕ್ರಮಾಂಕಗಳನ್ನೂ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ. ಆ ಸಂಖ್ಯೆಗಳು ಬ್ಯೂರೋವಿನ ದಾಖಲೆಯೊಂದಿಗೆ ತಾಳೆಯಾಗುವ ತನಕ ಕೊನೆಯ ಕಂತಿನ ಹಣವನ್ನು ಕೊಡಬೇಡಿ.